ಥೇಮ್ಸ್ ದಂಡೆಯ ಹೆಸರುಗಳು, ಕಾವೇರಿ ದಂಡೆಯ ಕಲ್ಲುಗಳು

ಲಂಡನ್ನಿಗೆ ಹೋಗಿ ಬಂದವರು ಬರೆಯುವ ಒಂದು ಲೇಖನವಿದೆ. ನಾವೆಲ್ಲ ಅದನ್ನು ಒಂದಲ್ಲ ಒಂದು ಪತ್ರಿಕೆಯಲ್ಲಿ ಓದಿದ್ದೇವೆ. ಚಳಿಗಾಲದ ಒಂದು ಮಧ್ಯಾಹ್ನ, ಮೋಡ ಮುಸುಕಿದ ಆಕಾಶ, ಮೈತುಂಬ ಕೋಟು, ಥೇಮ್ಸ್ ನದಿಯ ಪಕ್ಕದ ಕಾಲುದಾರಿ. ಮೊದಲು ಪಾರ್ಲಿಮೆಂಟು, ಆಮೇಲೆ ಬಿಗ್ ಬೆನ್ ಗಡಿಯಾರ, ಆಮೇಲೆ ಟವರ್ ಬ್ರಿಡ್ಜ್. ನಡುವೆ ಎಲ್ಲೋ ಒಂದು ಕಪ್ ಕಾಫಿಗೆ ಕೊಟ್ಟ ಪೌಂಡನ್ನು ರೂಪಾಯಿಗೆ ಪರಿವರ್ತಿಸಿ ಬೆಚ್ಚಿಬೀಳುವ ಒಂದು ಪ್ಯಾರಾ. ಕೊನೆಗೆ ಅವರ ನದಿ ಎಷ್ಟು ಸ್ವಚ್ಛ, ನಮ್ಮ ನದಿ ಎಷ್ಟು ಕೊಳಕು ಎಂಬ ನಿಟ್ಟುಸಿರು. ಲೇಖನ ಮುಗಿಯಿತು.

ಇಂಥ ಬರಹಗಳನ್ನು ಓದಿ ನಕ್ಕವರಲ್ಲಿ ನಾನೂ ಒಬ್ಬ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ಅಕ್ಕನ ಮಗಳ ಮನೆಗೆಂದು ಲಂಡನ್ನಿಗೆ ಹೋಗಿ, ಹತ್ತು ದಿನ ಇದ್ದು ಬಂದ ಮೇಲೆ ನಾನು ಬರೆದದ್ದೂ ಇದೇ ಲೇಖನವನ್ನೇ! ಅಚ್ಚಿಗೆ ಕೊಡುವ ಮುಂಚೆ ಒಮ್ಮೆ ಓದಿಕೊಂಡೆ. ನಾಚಿಕೆಯಾಯಿತು. ಹರಿದುಹಾಕಿದೆ. ಈಗ ಬರೆಯುತ್ತಿರುವುದು ಆ ಪ್ರವಾಸದ ಕಥನವಲ್ಲ. ಅದನ್ನು ಯಾಕೆ ಹರಿದುಹಾಕಬೇಕಾಯಿತು ಎಂಬುದರ ವಿಚಾರ.

ನಮ್ಮಲ್ಲಿ ಈ ಬಗೆಯ ಬರವಣಿಗೆಗೆ ದೊಡ್ಡ ಇತಿಹಾಸವೇ ಇದೆ. ಉರ್ದು ಶಾಲೆಯಲ್ಲಿ ಓದಿದ ನನಗೆ ಮೊದಲು ಪರಿಚಯವಾದದ್ದು ‘ಸಫರ್‌ನಾಮಾ’ ಎಂಬ ಪ್ರಕಾರ. ಮಿರ್ಜಾ ಅಬೂ ತಾಲಿಬ್ ಖಾನ್ ಲಂಡನ್ ತಲುಪಿದ್ದು 1800ರಲ್ಲಿ. ಅಂದರೆ ಶ್ರೀರಂಗಪಟ್ಟಣ ಬಿದ್ದ ಮರುವರ್ಷ. ಅಲ್ಲಿಯ ಅನುಭವಗಳನ್ನು ಅವರು ಪಾರ್ಸಿಯಲ್ಲಿ ಬರೆದರು. ಉರ್ದುವಿನ ಮೊದಲ ಪ್ರವಾಸಕಥನವೆಂದು ಹೆಸರಾದ ‘ಅಜಾಯಿಬಾತ್-ಎ-ಫರಂಗ್’ ಬರೆದ ಯೂಸುಫ್ ಖಾನ್ ಕಂಬಲಪೋಶ್ 1837ರಲ್ಲಿ ಹಡಗು ಹತ್ತಿದವರು. ಪುಸ್ತಕ ಬಂದದ್ದು 1847ರಲ್ಲಿ. ಆ ಹೆಸರೇ ಎಲ್ಲವನ್ನೂ ಹೇಳುತ್ತದೆ: ಪರಂಗಿಯವರ ನಾಡಿನ ಅಚ್ಚರಿಗಳು. 1869ರಲ್ಲಿ ಸರ್ ಸಯ್ಯದ್ ಅಹ್ಮದ್ ಖಾನ್ ಹೋದರು. ಅಲ್ಲಿಂದ ಅವರು ಬರೆದ ಕಾಗದಗಳಲ್ಲಿ ಇಂಗ್ಲಿಷರ ಮುಂದೆ ನಮ್ಮವರನ್ನು ಹೋಲಿಸುವಾಗ ಬಳಸಿದ ಮಾತು ಇಂದಿಗೂ ಓದುವವರ ಎದೆಗೆ ಚುಚ್ಚುತ್ತದೆ. ತನ್ನ ಜನರ ಮೇಲೆ ಪ್ರೀತಿ ಇಲ್ಲದ ಮನುಷ್ಯನಲ್ಲ ಅವರು. ಅವರ ಇಡೀ ಬದುಕು ಆ ಜನರಿಗಾಗಿಯೇ ಸವೆಯಿತು. ಆದರೂ ಥೇಮ್ಸ್ ದಂಡೆಯಲ್ಲಿ ನಿಂತಾಗ ಅವರಿಗೂ ಆ ರೋಗ ಬಡಿಯಿತು.

ಕನ್ನಡದಲ್ಲಿ 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ ವಿ.ಕೃ. ಗೋಕಾಕರ ‘ಸಮುದ್ರದಾಚೆಯಿಂದ’ ಇದೆ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಇದೆ. ಅವರು ಬರೆಯುತ್ತಿದ್ದ ಕಾಲದಲ್ಲಿ ವಿಲಾಯತಿ ಎಂಬುದು ಓದುಗನ ಕೈಗೆ ಎಟುಕದ ಲೋಕ. ಕಣ್ಣಾರೆ ಕಂಡವನು ಬಂದು ಹೇಳಬೇಕಿತ್ತು. ಇವತ್ತು ಕೊಳ್ಳೇಗಾಲದ ರೇಷ್ಮೆ ನೇಕಾರನ ಮಗನೂ ತನ್ನ ಮೊಬೈಲಿನಲ್ಲಿ ಬಿಗ್ ಬೆನ್ನನ್ನು ಯಾವ ಕೋನದಿಂದ ಬೇಕಾದರೂ ನೋಡಬಲ್ಲ. ನೋಡಿದ್ದನ್ನು ವರ್ಣಿಸುವ ಕೆಲಸ ಮುಗಿದಿದೆ. ಹಾಗಿದ್ದರೆ ಪ್ರವಾಸ ಬರಹಕ್ಕೆ ಉಳಿದಿರುವ ಕೆಲಸವೇನು?

ಈ ಪ್ರಕಾರಕ್ಕೆ ಮೂರು ಚಾಳಿಗಳು ಅಂಟಿಕೊಂಡಿವೆ ಎಂದು ನನಗೆ ಅನಿಸುತ್ತದೆ. ಒಂದು, ಬೆರಗು. ಎರಡು, ಹೋಲಿಸಿ ನಾಚಿಕೊಳ್ಳುವುದು. ಮೂರನೆಯದು ಇತ್ತೀಚಿನದು; ಅಲ್ಲಿ ‘ನಮ್ಮವರನ್ನು’ ಕಂಡು ಎದೆಯುಬ್ಬಿಸುವುದು. ಮೂರರಲ್ಲಿಯೂ ಒಂದು ಸಾಮಾನ್ಯ ಅಂಶವಿದೆ. ಕಲ್ಲನ್ನು ನೋಡುತ್ತೇವೆ, ಕಲ್ಲಿನ ಮೇಲಿನ ಬರಹವನ್ನು ಓದುವುದಿಲ್ಲ. ಓದಿದರೂ ಅಲ್ಲಿ ಬರೆಯದೆ ಬಿಟ್ಟದ್ದು ಏನು ಎಂದು ಕೇಳುವುದಿಲ್ಲ.

*

ಮೂರನೆಯ ಚಾಳಿಯಿಂದಲೇ ಶುರು ಮಾಡೋಣ. ಲಂಡನ್ನಿಗೆ ಹೋದ ಕನ್ನಡಿಗನಿಗೆ ಈಗ ಒಂದು ಹೊಸ ಯಾತ್ರಾಸ್ಥಳವಿದೆ. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಲ್ಯಾಂಬೆತ್ ಎಂಬಲ್ಲಿ, ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಕಡೆಯ ನೀರಜ್ ಪಾಟೀಲರ ಪ್ರಯತ್ನದಿಂದ ಬಂದದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣಗೊಳಿಸಿದರು. ಎದುರು ದಡದಲ್ಲಿ ಬ್ರಿಟಿಷ್ ಪಾರ್ಲಿಮೆಂಟು. ಅನುಭವ ಮಂಟಪವನ್ನು ಕಟ್ಟಿದವನು ಪಾರ್ಲಿಮೆಂಟಿಗೆ ಎದುರಾಗಿ ಕೂತಿದ್ದಾನೆ ಎಂಬ ಮಾತನ್ನು ಹೋದವರೆಲ್ಲ ಬರೆದಿದ್ದಾರೆ. ನಾನೂ ಬರೆದಿದ್ದೆ.

ಲುಹರ್ ಮುಗಿಸಿ ಮನೆ ಬಿಟ್ಟಿದ್ದೆವು. ಜನವರಿಯಲ್ಲಿ ಅಲ್ಲಿ ನಾಲ್ಕೂಕಾಲು, ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಹೊರಟ ಕಾಲು ಊರುವಷ್ಟರಲ್ಲಿ ಮಗ್ರಿಬ್ ಎದುರಿಗೇ ಬಂದು ನಿಂತಿರುತ್ತದೆ. ಪ್ರತಿಮೆಯ ಮುಂದೆ ನಿಂತಾಗ ಅಕ್ಕನ ಮಗಳು, ‘ಮಾಮೂ, ಫೋಟೋ ತೆಗೀಲಾ?’ ಎಂದಳು. ತೆಗೆಸಿಕೊಂಡೆ. ಯಾರೋ ಇಟ್ಟಿದ್ದ ಹೂವು ಚಳಿಗೆ ಮುದುಡಿತ್ತು. ಹೆಮ್ಮೆ ಅನಿಸಿದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹೆಮ್ಮೆಯನ್ನು ಸ್ವಲ್ಪ ಕೆದಕಿ ನೋಡಿ. ಬಸವಣ್ಣ ಸ್ಥಾವರಕ್ಕೆ ಅಳಿವುಂಟು ಎಂದು ಸಾರಿದ ಮನುಷ್ಯ. ಕಲ್ಯಾಣದಲ್ಲಿ ಅವರ ಸುತ್ತ ಕೂಡಿದವರು ಮಡಿವಾಳರು, ಅಂಬಿಗರು, ಸಮಗಾರರು, ಕಟ್ಟಿಗೆ ಮಾರುವವರು. ಆ ಚಳವಳಿಯ ವಿಶೇಷವೇ ಅದು: ಕೆಲಸ ಮಾಡುವವನ ಹೆಸರು ಅವನ ಕೆಲಸದ ಸಮೇತ ಉಳಿಯಿತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಇಂಥ ಹೆಸರುಗಳ ಪಟ್ಟಿಯನ್ನು ಹನ್ನೆರಡನೆಯ ಶತಮಾನದಲ್ಲಿ ಉಳಿಸಿಕೊಂಡ ಊರುಗಳು ಪ್ರಪಂಚದಲ್ಲಿ ಎಷ್ಟಿವೆ? ಬಸವಣ್ಣನನ್ನು ನೋಡಿ ಹೆಮ್ಮೆಪಡುವವನು ಅದೇ ದಂಡೆಯ ಮಿಕ್ಕ ಸ್ಮಾರಕಗಳನ್ನು ಬಸವಣ್ಣನ ಕಣ್ಣಿನಿಂದ ನೋಡಬೇಡವೇ? ನಾನು ನೋಡಲಿಲ್ಲ. ಫೋಟೋ ತೆಗೆಸಿಕೊಂಡು ಮುಂದೆ ನಡೆದೆ.

ಹಿಂತಿರುಗಿ ಬಂದು ಆ ಫೋಟೋಗಳನ್ನು ಒಂದೊಂದಾಗಿ ನೋಡುವಾಗ, ಓದುವಾಗ, ನಾನು ದಾಟಿಬಂದ ಮೈಲಿ ದಾರಿ ಏನೆಂದು ತಿಳಿಯಿತು.

ಲ್ಯಾಂಬೆತ್ ಅರಮನೆಯ ಎದುರಿಗೆ ಒಬ್ಬ ಹೆಣ್ಣುಮಗಳ ಪ್ರತಿಮೆಯಿದೆ. ಹೆಸರು ವಯಲೆಟ್ ಸಾಬೊ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ಹಿಡಿತದಲ್ಲಿದ್ದ ಫ್ರಾನ್ಸಿಗೆ ರಹಸ್ಯವಾಗಿ ಹೋದ ಬ್ರಿಟಿಷ್ ಗೂಢಚಾರರ ಸ್ಮಾರಕ ಅದು, 2009ರಲ್ಲಿ ನಿಲ್ಲಿಸಿದ್ದು. ಅದೇ ಸಂಸ್ಥೆಯಿಂದ ಅದೇ ಕೆಲಸಕ್ಕೆ ಹೋಗಿ, ಸಿಕ್ಕಿಬಿದ್ದು, 1944ರ ಸೆಪ್ಟೆಂಬರಿನಲ್ಲಿ ಡಾಖಾವ್ ಶಿಬಿರದಲ್ಲಿ ಗುಂಡೇಟಿಗೆ ಬಲಿಯಾದ ಇನ್ನೊಬ್ಬಳು ನೂರ್ ಇನಾಯತ್ ಖಾನ್. ಟಿಪ್ಪು ಸುಲ್ತಾನನ ವಂಶದ ಕುಡಿ. ಅವಳ ಪ್ರತಿಮೆ ನದಿಯ ಹತ್ತಿರವಿಲ್ಲ. ಊರೊಳಗೆ ಗಾರ್ಡನ್ ಸ್ಕ್ವೇರ್ ಎಂಬ ಸಣ್ಣ ಉದ್ಯಾನದಲ್ಲಿ 2012ರಲ್ಲಿ ಇಟ್ಟಿದ್ದಾರೆ. ಬಸವಣ್ಣನಿಂದ ಕೂಗಳತೆಯಲ್ಲಿ ನಮ್ಮ ಶ್ರೀರಂಗಪಟ್ಟಣದ ಕಥೆಯ ಒಂದು ಎಳೆ ಇತ್ತು. ನಾನು ಅದರ ಪಕ್ಕದಲ್ಲಿ ನಿಂತು ಕೈಗವಸು ಸರಿಮಾಡಿಕೊಂಡಿದ್ದೆ.

ಪಾರ್ಲಿಮೆಂಟಿನ ಪಕ್ಕದ ತೋಟದಲ್ಲಿ ಬಣ್ಣಬಣ್ಣದ ಗೋಪುರದ ಒಂದು ಕಾರಂಜಿ ಮಂಟಪವಿದೆ. ಗುಲಾಮಗಿರಿಯ ವಿಮೋಚನೆಯ ನೆನಪಿಗೆ 1860ರ ದಶಕದಲ್ಲಿ ಕಟ್ಟಿದ್ದು. ಬಕ್ಸ್‌ಟನ್ ಸ್ಮಾರಕವೆಂದು ಹೆಸರು. ಗುಲಾಮರ ಪರವಾಗಿ ಪಾರ್ಲಿಮೆಂಟಿನಲ್ಲಿ ವಾದಿಸಿದ ಸದಸ್ಯರಿಗೆ ಅದು ಅರ್ಪಿತ. ದೊಡ್ಡ ಮನುಷ್ಯರು, ದೊಡ್ಡ ಕೆಲಸ, ಸಂದೇಹವಿಲ್ಲ. ಆದರೆ ಗುಲಾಮರಾಗಿದ್ದ ಒಬ್ಬನ ಹೆಸರೂ ಅಲ್ಲಿಲ್ಲ. ಬಿಡುಗಡೆ ಮಾಡಿದವರಿಗೆ ಸ್ಮಾರಕ. ಬಂಧನದಲ್ಲಿ ಬೆಂದವರು ಹೆಸರಿಲ್ಲದ ಸಂಖ್ಯೆ.

ಹಾಗೆಂದು ಎಲ್ಲ ಕಲ್ಲುಗಳೂ ಒಂದೇ ಬಗೆಯವಲ್ಲ. ನದಿಯ ಇನ್ನೊಂದು ದಂಡೆಯಲ್ಲಿ ‘ಕ್ಲಿಯೋಪಾತ್ರಾಳ ಸೂಜಿ’ ಎನ್ನುವ ಈಜಿಪ್ಟಿನ ಶಿಲಾಸ್ತಂಭವಿದೆ. ಕ್ಲಿಯೋಪಾತ್ರಾಳಿಗೂ ಅದಕ್ಕೂ ಸಂಬಂಧವಿಲ್ಲ. ಅವಳಿಗಿಂತ ಸಾವಿರದ ನಾನೂರು ವರ್ಷ ಹಿಂದಿನದು. ಮುಹಮ್ಮದ್ ಅಲಿ ಪಾಷಾ 1819ರಲ್ಲಿ ಉಡುಗೊರೆಯಾಗಿ ಕೊಟ್ಟ. ಸಾಗಿಸಲು ಹೊರಟದ್ದು 1877ರಲ್ಲಿ. ಬಿರುಗಾಳಿಗೆ ಸಿಕ್ಕಿ ಆರು ಮಂದಿ ನಾವಿಕರು ಸಮುದ್ರದ ಪಾಲಾದರು. 1878ರಲ್ಲಿ ಕಂಬವನ್ನು ನಿಲ್ಲಿಸಿದಾಗ ಅದರ ಬುಡದಲ್ಲಿ ಆ ಆರೂ ಜನರ ಹೆಸರನ್ನು ಬರೆದರು. ಫೇರೋನ ಕಂಬದ ಬುಡದಲ್ಲಿ ಕೂಲಿ ನಾವಿಕರ ಹೆಸರು! ಮನಸ್ಸು ಮಾಡಿದರೆ ಸಾಧ್ಯ ಎಂಬುದಕ್ಕೆ ಸಾಕ್ಷಿ.

ಸ್ವಲ್ಪ ಮುಂದೆ ವಾಟರ್ಲೂ ಸೇತುವೆ. ಮೊದಲ ಸೇತುವೆ 1817ರಲ್ಲಿ ತೆರೆದದ್ದು. ನೆಪೋಲಿಯನ್ನನನ್ನು ಸೋಲಿಸಿದ ಯುದ್ಧದ ಹೆಸರನ್ನು ಅದಕ್ಕಿಟ್ಟರು. ಈಗಿರುವುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಟ್ಟಿದ್ದು. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಕೆಲಸದವರಲ್ಲಿ ಹೆಂಗಸರ ಸಂಖ್ಯೆ ದೊಡ್ಡದಿತ್ತು. ಆದರೆ 1945ರ ಡಿಸೆಂಬರಿನಲ್ಲಿ ಉದ್ಘಾಟನೆಯಾದಾಗ ಮಂತ್ರಿಗಳು ಸೇತುವೆ ಕಟ್ಟಿದ ಗಂಡಸರನ್ನು ಮಾತ್ರ ಹೊಗಳಿದರು. ನದಿಯ ಮೇಲಿನ ದೋಣಿಯವರು ಮಾತ್ರ ಮರೆಯಲಿಲ್ಲ. ಪ್ರವಾಸಿಗಳನ್ನು ಕೂರಿಸಿಕೊಂಡು ಹೋಗುವಾಗ ‘ಇದು ಹೆಂಗಸರ ಸೇತುವೆ’ ಎಂದು ಹೇಳುತ್ತಲೇ ಬಂದರು. ಬಾಯಿಂದ ಬಾಯಿಗೆ ಉಳಿದ ಆ ಮಾತಿನ ಜಾಡು ಹಿಡಿದು ಸಂಶೋಧಕರು ಫೋಟೋಗಳನ್ನು ಹುಡುಕಿದರು. ಸರಕಾರದ ದಾಖಲೆಯಲ್ಲಿ ಆ ಹೆಂಗಸರ ಕೆಲಸ ಸೇರಿದ್ದು ಎಪ್ಪತ್ತು ವರ್ಷಗಳ ನಂತರ.

ಇಲ್ಲಿ ನಾನು ತಡೆದು ನಿಂತೆ. ಯಾಕೆಂದರೆ ವಾಟರ್ಲೂ ಎಂಬ ಹೆಸರಿನ ಹಿಂದೆ ಇರುವವನು ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು, ಆಮೇಲೆ ಆ ಪಟ್ಟಣದ ಅಧಿಕಾರ ನಡೆಸಿದವನು. ಆ ಯುದ್ಧ ಮಾಡಿಸಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಅವನ ಅಣ್ಣ. ಅಣ್ಣನ ಹೆಸರಿನ ಸೇತುವೆ ಎಲ್ಲಿದೆ? ಸಾವಿರಾರು ಮೈಲಿ ದೂರ ಹೋಗಿ ಹುಡುಕಬೇಕಾಗಿಲ್ಲ. ನಮ್ಮ ಮನೆಯಿಂದ ಮೋಟಾರು ಸೈಕಲ್ಲಿನಲ್ಲಿ ಅರ್ಧ ಗಂಟೆ.

*

ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗುತ್ತದೆ. ನಡುವೆ ದ್ವೀಪ. ಒಂದು ಕವಲು ಗಗನಚುಕ್ಕಿಯಾಗಿ ಬೀಳುತ್ತದೆ, ಇನ್ನೊಂದು ಭರಚುಕ್ಕಿಯಾಗಿ. ಕೊಳ್ಳೇಗಾಲದ ಕಡೆಯಿಂದ ಸತ್ತೇಗಾಲ ದಾಟಿ ದ್ವೀಪಕ್ಕೆ ಹೋಗುವಲ್ಲಿ ಒಂದು ಹಳೆಯ ಕಲ್ಲುಸೇತುವೆ ಇದೆ. ನಾವು ಸಣ್ಣವರಿದ್ದಾಗಿನಿಂದ ಅದನ್ನು ‘ವೆಸ್ಲಿ ಸೇತುವೆ’ ಎಂದೇ ಕರೆದದ್ದು. ವೆಸ್ಲಿ ಎಂದರೆ ಯಾರೋ ಪಾದ್ರಿ ಇರಬೇಕು ಎಂದು ನಮ್ಮ ಮೇಷ್ಟರೊಬ್ಬರು ಹೇಳಿದ್ದರು. ಅದು ವೆಲ್ಲೆಸ್ಲಿ ಎಂದು ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ. ದ್ವೀಪದ ಇನ್ನೊಂದು ಕಡೆಯ, ಮಳವಳ್ಳಿ ದಿಕ್ಕಿನ ಸೇತುವೆಗೆ ಮದರಾಸಿನ ಗವರ್ನರ್ ಲಷಿಂಗ್ಟನ್ನನ ಹೆಸರು.

ಸೇತುವೆ ಇಲ್ಲಿ ಯಾಕೆ ಬೇಕಾಯಿತು ಎಂಬುದನ್ನು ಸ್ವಲ್ಪ ಹೇಳಬೇಕು. ಟಿಪ್ಪು ಸತ್ತ ಮೇಲೆ ರಾಜ್ಯ ಹಂಚಿದಾಗ ಕೊಳ್ಳೇಗಾಲ ಕಂಪನಿಯ ಪಾಲಿಗೆ ಹೋಯಿತು. ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹೊಳೆಯ ಆಚೆ ಮೈಸೂರು. 1956ರ ನವೆಂಬರ್ 1ರವರೆಗೂ ಕೊಳ್ಳೇಗಾಲ ಹಾಗೆಯೇ ಇತ್ತು. ಹೀಗೆ ಎರಡು ಆಡಳಿತಗಳ ನಡುವೆ ಹರಿಯುತ್ತಿದ್ದ ನದಿಗೆ ಸೇತುವೆ ಕಟ್ಟಿಸಿದವರು ರಾಮಸ್ವಾಮಿ ಮೊದಲಿಯಾರ್. ಮೈಸೂರಿನ ರೆಸಿಡೆಂಟರ ಕೈಕೆಳಗೆ ಇದ್ದವರು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳು. ಹೆಚ್ಚುಕಡಿಮೆ ಲಂಡನ್ನಿನಲ್ಲಿ ಮೊದಲ ವಾಟರ್ಲೂ ಸೇತುವೆ ಎದ್ದ ಕಾಲವೇ. ಈ ಕೆಲಸಕ್ಕಾಗಿ ಅವರಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು, ಜೊತೆಗೆ ಹಳ್ಳಿಗಳ ಜಹಗೀರು ಸಿಕ್ಕಿತು.

ಸೇತುವೆಯ ಕಟ್ಟಡವನ್ನು ಒಮ್ಮೆ ಬೇಸಗೆಯಲ್ಲಿ ಹೊಳೆಗೆ ಇಳಿದು ನೋಡಬೇಕು. ಕಮಾನು ಇಲ್ಲ. ನದಿಯ ಬಂಡೆಯ ಮೇಲೆಯೇ ಸಾಲುಸಾಲಾಗಿ ಒರಟು ಕಲ್ಲುಕಂಬಗಳು. ಅವುಗಳ ಮೇಲೆ ಅಡ್ಡವಾಗಿ ಕಲ್ಲುತೊಲೆ. ತೊಲೆಯ ಮೇಲೆ ಚಪ್ಪಡಿ. ನಮ್ಮ ಹಳ್ಳಿಯ ಕಲ್ಲುಮಂಟಪಗಳನ್ನು ಕಟ್ಟುವ ವಿದ್ಯೆಯನ್ನೇ ನದಿಗೆ ಅಡ್ಡಲಾಗಿ ಹಾಸಿದಂತಿದೆ. ಇದು ಲಂಡನ್ನಿನ ಎಂಜಿನಿಯರ್ ಕಲಿಸಿದ್ದಲ್ಲ. ಉಳಿ ಹಿಡಿದ ಈ ಸೀಮೆಯ ಕೈಗಳ ತಿಳಿವಳಿಕೆ. ಹೆಸರು ವೆಲ್ಲೆಸ್ಲಿಯದು, ದುಡ್ಡು ಮತ್ತು ಮುಂದಾಳ್ತನ ಮೊದಲಿಯಾರರದು, ಬಿರುದು ಅವರಿಗೆ. ಬಂಡೆ ಸೀಳಿದವನು? ನೀರಿಗಿಳಿದು ಕಂಬ ನಿಲ್ಲಿಸಿದವನು? ತಲೆಯ ಮೇಲೆ ಕಲ್ಲು ಹೊತ್ತವಳು?

ಕಾವೇರಿಯ ಮೇಲೆ ಇದೊಂದೇ ವೆಲ್ಲೆಸ್ಲಿ ಸೇತುವೆಯಲ್ಲ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿ 1804ರಲ್ಲಿ ಅದೇ ಗವರ್ನರ್ ಜನರಲ್ಲನಿಗೆ ಅರ್ಪಿಸಿದ ಇನ್ನೊಂದಿದೆ. ಟಿಪ್ಪುವಿನ ಮಂತ್ರಿಯಾಗಿದ್ದು, ಅವನು ಸತ್ತ ಮೇಲೆ ಹೊಸ ಆಡಳಿತದ ದಿವಾನರಾದ ಪೂರ್ಣಯ್ಯನವರಿಗೆ 1807ರಲ್ಲಿ ಸಿಕ್ಕ ಜಹಗೀರು ನಮ್ಮ ಪಕ್ಕದ ಯಳಂದೂರು. ಹಳೆಯ ಒಡೆಯ ಸತ್ತ ಐದೇ ವರ್ಷಕ್ಕೆ, ಅವನ ಊರಿನ ಮುಂದೆಯೇ, ಅವನನ್ನು ಕೊಲ್ಲಿಸಿದವನ ಹೆಸರಿನಲ್ಲಿ ಸೇತುವೆ. ಪೂರ್ಣಯ್ಯನವರನ್ನು ದೂರುವುದು ಸುಲಭ. ಸೋತ ರಾಜ್ಯದ ಅಧಿಕಾರಿ ತನ್ನ ಜನರಿಗೆ ರಸ್ತೆ, ಕಾಲುವೆ, ಸೇತುವೆ ಬೇಕೆಂದರೆ ಗೆದ್ದವನ ಹೆಸರನ್ನು ಅದರ ಮೇಲೆ ಕೆತ್ತಿಸಬೇಕಾಗಿತ್ತೇನೋ. ಹೆಸರು ಎಂಬುದು ಆಗ ಕೊಡಬೇಕಾಗಿದ್ದ ಕಂದಾಯ.

ಈಗಿನ ಮಾತಿಗೆ ಬರೋಣ. 2022ರ ಅಕ್ಟೋಬರಿನಲ್ಲಿ ಮೈಸೂರು–ಬೆಂಗಳೂರು ನಡುವಿನ ‘ಟಿಪ್ಪು ಎಕ್ಸ್‌ಪ್ರೆಸ್’ ರೈಲಿನ ಹೆಸರು ‘ಒಡೆಯರ್ ಎಕ್ಸ್‌ಪ್ರೆಸ್’ ಆಯಿತು. ಒಡೆಯರ ಮೇಲೆ ನಮಗೆ ಯಾರಿಗೂ ಅಗೌರವವಿಲ್ಲ. ಇನ್ನೊಂದು ರೈಲಿಗೆ ಆ ಹೆಸರಿಟ್ಟಿದ್ದರೆ ಸಂತೋಷಪಡುತ್ತಿದ್ದೆವು. ಟಿಪ್ಪುವಿನ ಹೆಸರು ರೈಲಿನ ಮೇಲಿರಬಾರದು ಎಂದವರು ವೆಲ್ಲೆಸ್ಲಿಯ ಹೆಸರು ಸೇತುವೆಯ ಮೇಲಿರುವುದನ್ನು ಗಮನಿಸಿಯೇ ಇಲ್ಲ. ಆದರೆ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಆ ಹೆಸರಿಗಾಗಿ ನಾವು ಸಭೆ ಮಾಡಿದೆವು, ಮನವಿ ಬರೆದೆವು, ನಾನೂ ಒಂದಕ್ಕೆ ರುಜು ಹಾಕಿದೆ. 2018ರ ಮಳೆಗಾಲದಲ್ಲಿ ಕಾವೇರಿ ಉಕ್ಕಿ ಹರಿದು ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋದಾಗ ಎಷ್ಟು ಜನ ಮನವಿ ಬರೆದೆವು? ಇನ್ನೂರು ವರ್ಷ ಪ್ರವಾಹಗಳನ್ನು ತಡೆದು ನಿಂತ ಕಂಬಗಳು ಉರುಳಿದ್ದವು. ನಾವು ಪಕ್ಕದ ಹೊಸ ಸೇತುವೆಯ ಮೇಲೆ ನಿಂತು ಮೊಬೈಲಿನಲ್ಲಿ ವಿಡಿಯೋ ತೆಗೆದೆವು. ರಾಜರ ಹೆಸರಿಗೆ ಬೀದಿಗಿಳಿಯುವ ನಮಗೆ ಕೂಲಿಕಾರರ ಕೆಲಸ ಕೊಚ್ಚಿಹೋದದ್ದು ನಷ್ಟವೆಂದೇ ಅನಿಸಲಿಲ್ಲ.

*

ದ್ವೀಪದಲ್ಲಿ, ಗಗನಚುಕ್ಕಿಯನ್ನು ಹತ್ತಿರದಿಂದ ಕಾಣುವ ಕಡೆ, ಹಜರತ್ ಮರ್ದಾನೆ ಗೈಬ್ ದರ್ಗಾ ಇದೆ. ರಜೆಯಲ್ಲಿ ಜಲಪಾತ ನೋಡಲು ಹೋದವರು ಅಲ್ಲಿ ಒಮ್ಮೆ ತಲೆಬಾಗಿ ಬರುತ್ತಾರೆ. ಹಣೆಗೆ ವಿಭೂತಿ ಹಚ್ಚಿದವರೂ ಬರುತ್ತಾರೆ. ಅಲ್ಲಿಂದ ಹೊರಟವರು ದ್ವೀಪದ ರಂಗನಾಥನ ಗುಡಿಗೂ ಹೋಗುತ್ತಾರೆ. ಮರ್ದಾನೆ ಗೈಬ್ ಎಂದರೆ ಕಣ್ಣಿಗೆ ಕಾಣದ ಪುರುಷರು. ಲೋಕ ನಡೆಯುವುದು ಹೀಗೆ ಮರೆಯಲ್ಲಿರುವವರಿಂದ ಎಂಬುದು ಸೂಫಿಗಳ ಒಂದು ನಂಬಿಕೆ. ಆ ನಂಬಿಕೆಯ ಧಾರ್ಮಿಕ ಚರ್ಚೆ ನನಗೆ ಬೇಡ. ಆ ಹೆಸರನ್ನು ಕೇಳಿದಾಗಲೆಲ್ಲ ನನಗೆ ಪಕ್ಕದ ಸೇತುವೆಯ ಕಂಬಗಳು ನೆನಪಾಗುತ್ತವೆ ಎಂದಷ್ಟೇ ಹೇಳುತ್ತೇನೆ.

ಇದೇ ಜಲಪಾತಕ್ಕೆ ಇನ್ನೊಂದು ಐತಿಹ್ಯವಿದೆ. ಶಿವನಸಮುದ್ರವನ್ನು ಆಳುತ್ತಿದ್ದ ಪಾಳೆಯಗಾರ ಮನೆತನದ ದೊರೆ ಮಡದಿಯೊಂದಿಗೆ ಕುದುರೆಯೇರಿ ಗಗನಚುಕ್ಕಿಗೆ ಹಾರಿದ ಎಂದು. ಗೆಜೆಟಿಯರುಗಳಲ್ಲಿ ಬಂದಿದೆ, ಗೈಡುಗಳೂ ಹೇಳುತ್ತಾರೆ. ಒಂದೇ ಜಾಗದಲ್ಲಿ ದೊರೆಯ ಸಾವಿಗೆ ಕಥೆಯಿದೆ, ಕಾಣದ ಸಂತರಿಗೆ ಗೋರಿಯಿದೆ, ಪರದೇಶದ ಅಧಿಕಾರಿಗೆ ಸೇತುವೆಯಿದೆ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತು; ಆ ಯೋಜನೆಗೆ ದಿವಾನ್ ಶೇಷಾದ್ರಿ ಅಯ್ಯರರ ಹೆಸರಿದೆ. ಕೆಲಸ ಮಾಡಿದವರಿಗೆ ಮಾತ್ರ ಏನೂ ಇಲ್ಲ.

ನಮ್ಮ ಸೀಮೆಯಲ್ಲಿ ಇದಕ್ಕೆ ಅಪವಾದಗಳಿಲ್ಲವೇ? ಇವೆ. ಯಳಂದೂರಿಗೆ ಹೋದವರು ಗೌರೀಶ್ವರ ದೇವಾಲಯದ ಮುಂದಿನ ಬಳೆಮಂಟಪದಲ್ಲಿ ಒಂದೇ ಕಲ್ಲಿನಲ್ಲಿ ಬಿಡಿಸಿದ ಬಳೆಸರಪಳಿಯನ್ನು ನೋಡಿ ಬರುತ್ತಾರೆ. ಅದೇ ಯಳಂದೂರಿನ ಹೊನ್ನಮ್ಮ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು. ‘ಹದಿಬದೆಯ ಧರ್ಮ’ ಬರೆದಳು. ಸಂಚಿ ಹಿಡಿಯುವ ಕೆಲಸ ಅವಳ ಹೆಸರಿಗೇ ಸೇರಿ ಸಂಚಿಯ ಹೊನ್ನಮ್ಮನಾಗಿ ಮುನ್ನೂರು ವರ್ಷ ದಾಟಿ ಉಳಿದಿದ್ದಾಳೆ. ಬರೆದದ್ದರಿಂದ ಉಳಿದಳು. ಬರೆಯಲು ಬಾರದವರು ಹೇಗೆ ಉಳಿಯಬೇಕು?

ಹನೂರಿನ ಕಡೆಯ ಕಾಡಿನಂಚಿನ ಗೋಪಿನಾಥಂ ಅದಕ್ಕೊಂದು ಉತ್ತರ ಕೊಡುತ್ತದೆ. ವೀರಪ್ಪನ್ ಶರಣಾಗುತ್ತಾನೆಂದು ನಂಬಿ ನಿರಾಯುಧರಾಗಿ ಹೋಗಿ 1991ರ ನವೆಂಬರಿನಲ್ಲಿ ಕೊಲೆಯಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಆ ಊರಿನವರಿಗಾಗಿ ಒಂದು ಮಾರಿಯಮ್ಮನ ಗುಡಿ ಕಟ್ಟಿಸಿದ್ದರು. ಊರಿನ ಜನ ಅವರನ್ನು ಆ ಗುಡಿಯ ದೇವರ ಜೊತೆಯಲ್ಲೇ ನೆನೆಯುತ್ತಾರೆ. ಯಾರೂ ಆದೇಶ ಮಾಡದ ಸ್ಮಾರಕ ಅದು. ಅದೇ ಕಾಡಿನಲ್ಲಿ, ಅದೇ ಬೇಟೆಯ ಹೆಸರಿನಲ್ಲಿ ಪೊಲೀಸ್ ಹಿಂಸೆಗ��� ಒಳಗಾದ ಬಡವರೂ ಸೋಲಿಗರೂ ಇದ್ದಾರೆ. ನ್ಯಾಯಮೂರ್ತಿ ಸದಾಶಿವ ಸಮಿತಿ ಅವರ ಹೇಳಿಕೆಗಳನ್ನು ಕೇಳಿತು, ಕೆಲವರಿಗೆ ಪರಿಹಾರವೂ ಬಂತು. ಅವರ ಹೆಸರು ಮಾತ್ರ ಕಡತದೊಳಗೇ ಉಳಿಯಿತು.

*

ಥೇಮ್ಸ್ ದಂಡೆಯ ಒಂದು ಸ್ಮಾರಕವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. ಬಸವಣ್ಣನ ಪ್ರತಿಮೆಯಿಂದ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕಡೆ ಹೋಗುವ ದಾರಿಯಲ್ಲಿ ಆಸ್ಪತ್ರೆಯೊಂದರ ಉದ್ದನೆಯ ಗೋಡೆಯಿದೆ. ಸುಮಾರು ಅರ್ಧ ಕಿಲೋಮೀಟರು. ಆ ಗೋಡೆಯ ತುಂಬ ಕೈಯಲ್ಲಿ ಬಿಡಿಸಿದ ಕೆಂಪು ಹೃದಯಗಳು. 2021ರ ಮಾರ್ಚಿನಲ್ಲಿ ಕೋವಿಡ್‌ನಿಂದ ಸತ್ತವರ ಮನೆಯವರು ಕುಂಚ ಹಿಡಿದು ಬಂದು ಶುರು ಮಾಡಿದ್ದು. ಒಂದು ಸಾವಿಗೆ ಒಂದು ಹೃದಯ. ಈಗ ಎರಡು ಲಕ್ಷಕ್ಕೂ ಹೆಚ್ಚು. ಒಳಗೆ ಹೆಸರು, ತಾರೀಕು, ಒಂದೆರಡು ಮಾತು. ಮಳೆಗೆ ಬಣ್ಣ ಮಾಸುತ್ತದೆ, ಸ್ವಯಂಸೇವಕರು ಬಂದು ಮತ್ತೆ ಬಳಿಯುತ್ತಾರೆ. ಎದುರಿಗೇ ಪಾರ್ಲಿಮೆಂಟು, ಕಿಟಕಿ ತೆರೆದರೆ ಕಾಣಲೇಬೇಕು. ಆ ದೇಶದ ಆಸ್ಪತ್ರೆಗಳಲ್ಲಿ ಆ ಕಾಯಿಲೆಗೆ ಮೊದಲು ಬಲಿಯಾದ ನಾಲ್ವರು ವೈದ್ಯರೂ ವಲಸೆ ಬಂದ ಮೂಲದ ಮುಸ್ಲಿಮರು ಎಂಬುದನ್ನೂ ಇಲ್ಲಿ ನೆನೆಯಬೇಕು.

ನಾನು ಆ ಗೋಡೆಯುದ್ದಕ್ಕೂ ನಡೆದೆ. ಬೆರಗೂ ಆಗಲಿಲ್ಲ, ಹೋಲಿಸಿ ನಾಚಿಕೊಳ್ಳಲೂ ಆಗಲಿಲ್ಲ. ಒಂದು ತಾರೀಕು ಕಣ್ಣ ಮುಂದೆ ಬಂತು. 2021ರ ಮೇ 2ರ ರಾತ್ರಿ. ಚಾಮರಾಜನಗರದ ಜಿಲ್ಲಾಸ್ಪತ್ರೆ. ಬೆಳಗಾಗುವಷ್ಟರಲ್ಲಿ 24 ರೋಗಿಗಳು ತೀರಿಕೊಂಡಿದ್ದರು. ಆಮ್ಲಜನಕ ಸಾಲದೇ ಹೋಗಿತ್ತು. ಆಮೇಲೆ ಹೈಕೋರ್ಟ್ ನೇಮಿಸಿದ ಸಮಿತಿ ಸತ್ತವರು ಇನ್ನೂ ಹೆಚ್ಚು ಎಂದಿತು. ಕೊಳ್ಳೇಗಾಲ, ಹನೂರು, ಯಳಂದೂರಿನವರೆಲ್ಲ ಕಾಯಿಲೆ ಜೋರಾದರೆ ಓಡುವುದು ಆ ಜಿಲ್ಲಾ ಕೇಂದ್ರಕ್ಕೇ. ಅವತ್ತು ಸತ್ತವರಲ್ಲಿ ಹಿಂದೂಗಳಿದ್ದರು, ಮುಸ್ಲಿಮರಿದ್ದರು, ಎಳೆಯ ವಯಸ್ಸಿನವರಿದ್ದರು. ಒಂದೆರಡು ವಾರ ಪತ್ರಿಕೆಗಳಲ್ಲಿ ಬಂತು. ಆಮೇಲೆ ಅದು ‘ಆಮ್ಲಜನಕ ದುರಂತ’ ಎಂಬ ಎರಡು ಪದಗಳಾಯಿತು. ಆ ರಾತ್ರಿ ಹೋದವರ ಹೆಸರು ಬರೆದ ಒಂದು ಕಲ್ಲನ್ನು ನನ್ನ ಜಿಲ್ಲೆಯಲ್ಲಿ ನಾನು ಇದುವರೆಗೆ ಕಂಡಿಲ್ಲ.

ಆ ಮಧ್ಯಾಹ್ನದ ಬಗ್ಗೆ ನಾನು ಬರೆದು ಹರಿದುಹಾಕಿದ ಲೇಖನದಲ್ಲಿ ಈ ಗೋಡೆಗೆ ಎರಡೇ ಸಾಲಿತ್ತು. ಹೃದಯಗಳು ಸುಂದರವಾಗಿವೆ ಎಂದು. ಚಾಮರಾಜನಗರದ ಹೆಸರು ಇರಲೇ ಇಲ್ಲ. ಹರಿದದ್ದು ಅದಕ್ಕೇ.

ಪ್ರವಾಸ ಬರಹಕ್ಕೆ ಉಳಿದಿರುವ ಕೆಲಸವೇನು ಎಂದು ಮೊದಲು ಕೇಳಿದೆನಲ್ಲ, ನನಗೆ ತೋಚಿದ ಉತ್ತರ ಇಷ್ಟೇ. ದೂರದ ಕಲ್ಲನ್ನು ನೋಡಿ ಬಂದವನು ಹತ್ತಿರದ ಕಲ್ಲಿನ ಬಳಿ ನಿಂತು ಅದೇ ಪ್ರಶ್ನೆ ಕೇಳಬೇಕು: ಇಲ್ಲಿ ಯಾರ ಹೆಸರಿದೆ, ಯಾರದ್ದಿಲ್ಲ? ಹೆಸರು ಅಳಿಸಿ ಹೆಸರು ಬರೆಯುವ ರಾಜಕೀಯ ನಮಗೆ ಬೇಡ. ವೆಸ್ಲಿ ಸೇತುವೆ ವೆಸ್ಲಿ ಸೇತುವೆಯಾಗಿಯೇ ಇರಲಿ. ಎರಡು ಶತಮಾನ ಜನರ ಬಾಯಲ್ಲಿ ಸವೆದು ಅದು ನಮ್ಮದೇ ಮಾತಾಗಿದೆ, ವೆಲ್ಲೆಸ್ಲಿಗೇ ಗುರುತು ಸಿಗದಷ್ಟು. ಪಕ್ಕದಲ್ಲಿ ಒಂದು ಫಲಕ ಇರಲಿ. ಈ ಸೀಮೆಯ ಕಲ್ಲುಕುಟಿಗರು, ಕೂಲಿಯವರು ಕಟ್ಟಿದ್ದು ಎಂದು ಒಂದು ಸಾಲು ಸಾಕು. ಜಿಲ್ಲಾ ಕೇಂದ್ರದಲ್ಲಿ ಇನ್ನೊಂದು ಕಲ್ಲು. ಅದರ ಮೇಲೆ ಆ ರಾತ್ರಿ ಹೋದವರ ಹೆಸರು, ಜಾತಿ ಮತ ನೋಡದೆ, ಅಕಾರಾದಿಯಾಗಿ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಸತ್ತೇಗಾಲದ ಕಡೆಯಿಂದ ಸೇತುವೆಯವರೆಗೆ ನಡೆದುಹೋದೆ. ನೀರಿನ ಮೇಲೆ ಮಂಜು ಇತ್ತು. ಹರಿಗೋಲನ್ನು ಬೋರಲು ಹಾಕಿ ಬಲೆ ಬಿಡಿಸುತ್ತಿದ್ದ ಒಬ್ಬ ಮುದುಕರನ್ನು ಮಾತಿಗೆಳೆದೆ. ‘ಯಜಮಾನ್ರೇ, ಈ ವೆಸ್ಲಿ ಅನ್ನೋನು ಯಾರು?’

‘ಯಾರೋ ದೊರೆ ಇರ್ಬೇಕು ಕನ ಸಾಬ್ರೇ. ನಾ ಕಂಡಿಲ್ಲ.’

‘ಮತ್ತೆ ಕಟ್ಟಿದೋರು ಯಾರು?’

ಅವರು ಬಲೆಯಿಂದ ತಲೆ ಎತ್ತಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದರು. ‘ದೊರೆ ಕಲ್ಲು ಹೊತ್ತನಾ? ನಮ್ಮೋರೇ ಹೊತ್ತಿರ್ತಾರೆ. ನಿಮ್ಮೋರೂ ಇದ್ದಿರ್ತಾರೆ.’

ಮತ್ತೆ ಬಲೆಗೆ ಬಾಗಿದರು. ಉರುಳಿದ ಕಂಬಗಳ ನಡುವೆ ನೀರು ಹರಿಯುತ್ತಿತ್ತು.